ಕೇಳಿದರೆ ಹೇಳುವ ಮನುಷ್ಯ

ಅವರ ಹೆಸರು ಬರೆಯಬೇಡ ಎಂದು ಆಂಟಿ ಹೇಳಿದ್ದಾರೆ. "ಬರಿ, ಬೇಡ ಅನ್ನಲ್ಲ. ಆದ್ರೆ ಹೆಸರು ಹಾಕ್ಬೇಡ ಕಣೇ. ಹೆಸರು ಹೇಳ್ಕೊಂಡು ಅವರು ಪಟ್ಟಿದ್ದೇ ಸಾಕು," ಎಂದರು ಫೋನಿನಲ್ಲಿ. ಆದ್ದರಿಂದ ಇಲ್ಲಿ ಅವರು ಬರೀ ಅಂಕಲ್. ಊರಿನ ಹೆಸರನ್ನೂ ಬಿಡುತ್ತೇನೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಿಂದ ಪೂರ್ವಕ್ಕೆ, ಸಮುದ್ರದ ತಂಪು ತಲುಪದಷ್ಟು ಒಳಗೆ ಹೋದರೆ, ಬೋಳು ಬೆಟ್ಟಗಳ ಮೇಲೆ ಒಂದೇ ಬಣ್ಣದ ಮನೆಗಳ ಸಾಲುಗಳು ಕಾಣುತ್ತವೆ. ಅಂಥ ಊರುಗಳಲ್ಲಿ ಒಂದು ನಮ್ಮದು. ಅಲ್ಲಿ ಹತ್ತು ವರ್ಷ ಅವರು ನನ್ನ ಎದುರು ಮನೆಯವರಾಗಿದ್ದರು. ಹೋದ ತಿಂಗಳು ಲಾಸ್ ಏಂಜಲೀಸಿನಲ್ಲಿ, ಮಗಳ ಮನೆಯಲ್ಲಿ, ತೀರಿಕೊಂಡರು.

ಅವರನ್ನು ನೆನೆದಾಗ ಮೊದಲು ನೆನಪಾಗುವುದು ಅವರು ಕೇಳುತ್ತಿದ್ದ ಒಂದು ಪ್ರಶ್ನೆ: "ಯಾರು ನೋಡಿದ್ದು?" ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಕೆಲಸ ಶುರು ಮಾಡಿ, ಆಮೇಲೆ ಲಾಸ್ ಏಂಜಲೀಸಿನ ಪಕ್ಕದ ಎಲ್ ಸೆಗುಂಡೋದಲ್ಲಿ ಬಹಳ ವರ್ಷ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಆ ಕೆಲಸದಲ್ಲಿ ಒಂದು ಭಾಗ ಸರಿಯಾಗಿದೆ ಎಂದು ನೋಡಿದವನು ತನ್ನ ಸ್ಟಾಂಪ್ ಒತ್ತಬೇಕು. ಒಬ್ಬನ ಸ್ಟಾಂಪನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಆ ಭಾಗ ಎಂದಾದರೂ ಕೈಕೊಟ್ಟರೆ ಸ್ಟಾಂಪ್ ಯಾರದೆಂದು ನೋಡಿ ಅವನನ್ನು ಕರೆಯುತ್ತಾರೆ. ಅವನು ಬಂದು ತಾನು ಏನು ನೋಡಿದೆ, ಏನು ನೋಡಲಿಲ್ಲ ಎಂದು ಹೇಳಬೇಕು.

"ಬೈತಾರಾ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಬೈಯೋದು, ಕೆಲಸದಿಂದ ತೆಗೆಯೋದು ಎಲ್ಲ ಆಮೇಲಿನ ಮಾತು. ಮೊದಲು ಬಂದು ಹೇಳ್ಬೇಕು. ಅವನು ಹೇಳದೆ ಇದ್ರೆ ಮುಂದಿನ ವಿಮಾನಾನೂ ಬೀಳುತ್ತೆ."

ಈ ಅಭ್ಯಾಸ ಮನೆಗೂ ಬಂದಿತ್ತು. ಹುಳಿಗೆ ಉಪ್ಪು ಹೆಚ್ಚಾದರೆ ಒಂದು ತುತ್ತು ಬಾಯಿಗಿಟ್ಟು, ತಲೆ ಎತ್ತಿ, "ಯಾರು ನೋಡಿದ್ದು?" ಎನ್ನುತ್ತಿದ್ದರು. "ನಾನೇ. ಸ್ಟಾಂಪ್ ಒತ್ತಿ ಬಡಿಸಿದೀನಿ. ತಿಂದ್ರೆ ತಿನ್ನಿ," ಎಂದು ಆಂಟಿ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡಿದ್ದು 2008ರ ಚುನಾವಣೆಯ ಸಂಜೆ. ಆಗ ನಾನು ಸ್ಯಾನ್ ಡಿಯಾಗೋದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದೆ. ಯಾರದೋ ಮನೆಯಲ್ಲಿ ಕನ್ನಡದವರೆಲ್ಲ ಸೇರಿ, ಪೇಪರ್ ಪ್ಲೇಟಿನಲ್ಲಿ ಚಿತ್ರಾನ್ನ ಹಿಡಿದು ಟಿ.ವಿ. ಮುಂದೆ ಕೂತಿದ್ದೆವು. ಹೊಸ ಅಧ್ಯಕ್ಷ ಬಂದರೆ ಯುದ್ಧ ನಿಲ್ಲುತ್ತದೆಯೇ, ಬ್ಯಾಂಕಿನವರನ್ನು ಹಿಡಿಯುತ್ತಾರೆಯೇ ಎಂದು ದೊಡ್ಡ ವಾದ ನಡೆಯುತ್ತಿತ್ತು. ಮೂಲೆಯಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂತಿದ್ದ ಅಂಕಲ್ ಕೇಳಿದರು: "ಅದೆಲ್ಲ ಸರಿ. ನಮ್ಮೂರ ಕೌನ್ಸಿಲ್‌ನಲ್ಲಿ ಯಾರಿದ್ದಾರೆ? ಒಬ್ಬರ ಹೆಸರು ಹೇಳಿ."

ಯಾರಿಗೂ ಗೊತ್ತಿರಲಿಲ್ಲ.

"ವಾಷಿಂಗ್ಟನ್‌ನಲ್ಲಿರೋನನ್ನ ಬೈಯೋದು ಸುಲಭ. ಅವನು ಎದುರಿಗೆ ಸಿಗೋದೇ ಇಲ್ಲ. ಸಿಗೋರನ್ನ ಯಾರೂ ಕೇಳಲ್ಲ."

"ಅಂಕಲ್, ನಾವೆಲ್ಲ ವೀಸಾ ಮೇಲಿದೀವಿ. ನಮಗೆ ವೋಟೇ ಇಲ್ಲ," ಎಂದ ಒಬ್ಬ ಹುಡುಗ.

"ವೋಟಿಲ್ಲ ಅಂದ್ರೆ ಬಾಯೂ ಇಲ್ವೇನಯ್ಯ? ಚಿತ್ರಾನ್ನ ಹೇಗೆ ತಿಂತಿದೀಯ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕೋಪ ಬಂದಿತ್ತು ಎಂದಲ್ಲ. ಅವರು ನಿಜವಾಗಿ ಉತ್ತರಕ್ಕೆ ಕಾಯುತ್ತಿದ್ದರು.

ಮುಂದೆ ನಾನು ಅವರ ಎದುರು ಮನೆಗೇ ಬಂದೆ. ಇಲ್ಲಿಯ ಊರುಗಳಲ್ಲಿ ಒಂದು ಪದ್ಧತಿ ಇದೆ. ಕೌನ್ಸಿಲ್ ಸಭೆ ಸೇರಿದಾಗ ಯಾರು ಬೇಕಾದರೂ ಹೋಗಿ ಮೈಕಿನ ಮುಂದೆ ಮೂರು ನಿಮಿಷ ಮಾತನಾಡಬಹುದು. ಮುಗಿದಾಗ ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ. ಕೌನ್ಸಿಲಿನವರು ಕೇಳಿಸಿಕೊಳ್ಳಬೇಕು, ಉತ್ತರಿಸಲೇಬೇಕೆಂದಿಲ್ಲ. ಅಂಕಲ್ ತಪ್ಪದೆ ಹೋಗುತ್ತಿದ್ದರು. ಕುಳ್ಳಗಿದ್ದರು, ಹಾಗಾಗಿ ಮೊದಲು ಮೈಕಿನ ಕತ್ತು ಬಗ್ಗಿಸಿಕೊಳ್ಳುತ್ತಿದ್ದರು. ತಮ್ಮ ಹೆಸರು, ಮನೆಯ ವಿಳಾಸ ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿ, ಗಂಟೆ ಬಾರಿಸುವ ಮುಂಚೆ ಬಂದು ಕೂತುಬಿಡುತ್ತಿದ್ದರು. ಕೆಟ್ಟುನಿಂತ ಬೀದಿದೀಪ, ಮುಗಿಯದ ಪಾರ್ಕು, ಮಳೆನೀರಿನ ಚರಂಡಿ. ಮೇಯರ್ ಅವರನ್ನು ನೋಡಿ ನಗುತ್ತಿದ್ದ. ಒಳ್ಳೆಯ ನಗೆ ಅವನದು, ಎದುರಿಗಿದ್ದವರಿಗೆ ತಾವೇ ಅವನ ಆಪ್ತರು ಅನ್ನಿಸುವಂಥದ್ದು. "ನಮ್ಮೂರಿಗೆ ನಿಮ್ಮಂಥವರು ಬೇಕು," ಎನ್ನುತ್ತಿದ್ದ. ದೀಪ ಮಾತ್ರ ಹತ್ತುತ್ತಿರಲಿಲ್ಲ.

ಬೆಂಕಿ ಬಂದದ್ದು ಒಂದು ಬೆಳಿಗ್ಗೆ. ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಆ ಗಾಳಿ ಬಂದರೆ ಇಲ್ಲಿ ಎಲ್ಲರೂ ಮೂಗೆತ್ತಿ ವಾಸನೆ ನೋಡುತ್ತಾರೆ. ನಮ್ಮ ಕಾಲನಿಯಿಂದ ಹೊರಗೆ ಹೋಗಲು ಎರಡು ದಾರಿ. ಮುಂದಿನದು ದೊಡ್ಡ ರಸ್ತೆ. ಹಿಂದಿನದು ಕಣಿವೆಯ ಪಕ್ಕದಲ್ಲಿ ಇಳಿಯುವ ಸಣ್ಣ ದಾರಿ, ಅದಕ್ಕೆ ಕಬ್ಬಿಣದ ಗೇಟು. ಮುಂದಿನ ರಸ್ತೆಯನ್ನು ಹೊಗೆ ಮುಚ್ಚಿದಾಗ ಪೊಲೀಸರು ನಮ್ಮನ್ನು ಹಿಂದಕ್ಕೆ ತಿರುಗಿಸಿದರು. ಕಾರುಗಳು ಒಂದರ ಹಿಂದೊಂದು ಆ ಸಣ್ಣ ದಾರಿಗೆ ಇಳಿದು ನಿಂತುಬಿಟ್ಟವು. ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು.

ನಾನು ಅಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಆಮೇಲೆ ಕಂದಾಯಿತು. ಬೂದಿ ಗಾಜಿನ ಮೇಲೆ ಬೀಳುತ್ತಿತ್ತು. ಮಗಳು ಇಂಗ್ಲಿಷಿನಲ್ಲಿ ಒಂದೇ ಸಮನೆ ಕೇಳುತ್ತಿದ್ದಳು, "ಯಾಕೆ ಯಾರೂ ತೆಗೀತಿಲ್ಲ?" ಒಬ್ಬ ಪೊಲೀಸ್ ಯುವಕ ಓಡಿಬಂದ. ಅವನ ಹತ್ತಿರ ಕೀ ಇರಲಿಲ್ಲ. ವೈರ್‌ಲೆಸ್‌ನಲ್ಲಿ ಕೇಳಿದ. ಆ ಕಡೆಯವರಿಗೂ ಕೀ ಎಲ್ಲಿದೆಯೆಂದು ತಿಳಿದಿರಲಿಲ್ಲ. ಗೇಟಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಕಾರಿನಲ್ಲಿ ಅಂಕಲ್‌ರ ಪಕ್ಕದ ಮನೆಯ, ಫಿಲಿಪೀನ್ಸಿನ ಒಬ್ಬ ಅಜ್ಜಿ ಇದ್ದರು. ಅವರ ಮೊಮ್ಮಕ್ಕಳು ಕರೆಯುವಂತೆ ನಾವೂ ಅವರನ್ನು ಲೋಲಾ ಎನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಮೊದಲೇ ಉಬ್ಬಸದ ಕಾಯಿಲೆ. ಅವರ ಮಗ ಕಾರಿನ ಬಾಗಿಲು ತೆಗೆದು, ಮುಚ್ಚಿ, ಮತ್ತೆ ತೆಗೆಯುತ್ತಿದ್ದ. ಒಳಗೂ ಹೊಗೆ, ಹೊರಗೂ ಹೊಗೆ.

ಅಂಕಲ್ ಕಾರಿನಿಂದಿಳಿದು ಗೇಟಿನವರೆಗೆ ನಡೆದು ಹೋದರು. ಸರಪಳಿ ಹಿಡಿದು ಜಗ್ಗಿದರು. ಬೀಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವರು ಹಿಂದಿರುಗಿ ಬರುವಾಗ ಅವರ ಮುಖ ನನಗೆ ಕಂಡಿತು. ಅದನ್ನು ಭಯ ಎಂದುಕೊಂಡೆ. ಎಲ್ಲರ ಮುಖದಲ್ಲೂ ಭಯವೇ ಇತ್ತಲ್ಲ.

ಕೊನೆಗೆ ಗೇಟಿನ ಆಚೆಯಿಂದ ಬಂದ ಅಗ್ನಿಶಾಮಕದವರು ಸರಪಳಿ ಕತ್ತರಿಸಿದರು. ನಾವು ಹೊರಗೆ ಬಂದೆವು. ಮನೆಗಳು ಉಳಿದವು. ಲೋಲಾ ಅದೇ ವಾರ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆಮೇಲಿನ ಸಭೆಗಳಿಗೆ ನಾನೂ ಅಂಕಲ್ ಜೊತೆ ಹೋಗತೊಡಗಿದೆ. ಅವರ ಪ್ರಶ್ನೆ ಬದಲಾಗಲಿಲ್ಲ: ಗೇಟಿಗೆ ಬೀಗ ಹಾಕಲು ಒಪ್ಪಿದವರು ಯಾರು, ಕೀ ಯಾರ ಹತ್ತಿರ ಇರಬೇಕಿತ್ತು? ರಸ್ತೆ ವಿಭಾಗದವರು ಅಗ್ನಿಶಾಮಕದವರ ಕಡೆ ನೋಡಿದರು. ಅಗ್ನಿಶಾಮಕದವರು ರಸ್ತೆ ವಿಭಾಗದವರ ಕಡೆ ನೋಡಿದರು. ಊರಾಡಳಿತದ ವಕೀಲರು, ಪರಿಶೀಲನೆ ಮುಗಿಯುವವರೆಗೆ ಏನೂ ಹೇಳಲಾಗದು ಎಂದರು. ಮೇಯರ್ ಎದೆಯ ಮೇಲೆ ಕೈಯಿಟ್ಟುಕೊಂಡು, "ಇದು ಯಾರ ಮೇಲೂ ತಪ್ಪು ಹೊರಿಸುವ ಸಮಯವಲ್ಲ. ಒಂದು ಕುಟುಂಬವಾಗಿ ಈ ನೋವನ್ನು ದಾಟುವ ಸಮಯ," ಎಂದ. ಇನ್ನೊಂದು ಸಭೆಯಲ್ಲಿ ಅಗ್ನಿಶಾಮಕದವರಿಗೆ ಪದಕ ಕೊಟ್ಟರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಅದು ಅವರಿಗೆ ಸಲ್ಲಬೇಕಾದದ್ದೇ. ಚಪ್ಪಾಳೆ ನಿಂತಾಗ ಸಭೆಯೂ ಮುಗಿದಿತ್ತು.

ಹೊರಗೆ ಬರುತ್ತ ಅಂಕಲ್ ಹೇಳಿದರು: "ಮೇಲಿನವರನ್ನ ನೋಡಿ ಕೆಳಗಿನವರು ಕಲೀತಾರೆ. 'ನನಗೆ ಗೊತ್ತೇ ಇರಲಿಲ್ಲ' ಅಂತ ವಾಷಿಂಗ್ಟನ್‌ನಲ್ಲಿ ಒಬ್ಬ ಹೇಳಿ ದಕ್ಕಿಸ್ಕೊಂಡ ಅಂದ್ರೆ, ಇಲ್ಲಿಯವರೆಗೂ ಅದೇ ಪಾಠ ಬರುತ್ತೆ. ಒಂದು ಪಕ್ಷ ಅಲ್ಲ, ಎರಡೂ. ದೊಡ್ಡ ಯುದ್ಧಾನೂ ಹೀಗೇ ಮುಗಿಸ್ತಾರೆ, ಸಣ್ಣ ಗೇಟೂ ಹೀಗೇ ಮುಗಿಸ್ತಾರೆ."

ಆ ದಿನಗಳಲ್ಲಿ ಅವರು ಬಹಳ ಇಳಿದುಹೋಗಿದ್ದರು. ಲೋಲಾ ಸತ್ತದ್ದಕ್ಕೆ ಎಂದುಕೊಂಡಿದ್ದೆ. ನಿಜ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ, ಅವರ ಅಡುಗೆಮನೆಯಲ್ಲಿ. ಆಂಟಿ ಹುರಳಿಕಾಯಿ ಹೆಚ್ಚುತ್ತಿದ್ದರು. ಮಂಗಳವಾರದ ಸಭೆಗೆ ಎಷ್ಟು ಹೊತ್ತಿಗೆ ಹೊರಡೋಣ ಎಂದು ನಾನು ಕೇಳಿದೆ. ಆಂಟಿ ಚಾಕು ಕೆಳಗಿಟ್ಟರು.

"ಇವಳಿಗಾದ್ರೂ ಹೇಳ್ರಿ. ನನಗೆ ಒಬ್ಬಳಿಗೇ ಇದನ್ನ ಇಟ್ಕೊಳಕ್ಕಾಗಲ್ಲ."

ಅಂಕಲ್ ಹೇಳಿದರು. ಕೆಲವು ವರ್ಷಗಳ ಹಿಂದೆ ಅವರು ನಮ್ಮ ಕಾಲನಿಯ ಮನೆಮಾಲೀಕರ ಸಮಿತಿಯಲ್ಲಿದ್ದರು. ಕಣಿವೆಯ ಆಚೆ ಹೊಸ ಬಡಾವಣೆ ಎದ್ದಿತ್ತು. ಅಲ್ಲಿಯವರು ಬೆಳಿಗ್ಗೆ ಹೆದ್ದಾರಿಗೆ ಹೋಗಲು ಆ ಸಣ್ಣ ದಾರಿಯಿಂದ ನಮ್ಮ ಬೀದಿಗೆ ನುಗ್ಗುತ್ತಿದ್ದರು. ಗದ್ದಲ, ಧೂಳು, ಮಕ್ಕಳು ಆಡುವ ಕಡೆ ವೇಗವಾಗಿ ಓಡುವ ಕಾರು. ಗೇಟಿಗೆ ಕಾಯಂ ಬೀಗ ಹಾಕಿ ಎಂದು ಊರಾಡಳಿತವನ್ನು ಕೇಳಲು ಸಮಿತಿ ನಿರ್ಧರಿಸಿತು. ಇದ್ದ ಐವರೂ ಕೈ ಎತ್ತಿದರು. ಅದರಲ್ಲಿ ಒಂದು ಕೈ ಅಂಕಲ್‌ರದು. ಆಡಳಿತ ಒಪ್ಪಿತು, ತನ್ನದೇ ಬೀಗ ತಂದು ಹಾಕಿತು.

"ಕೀ ಯಾರ ಹತ್ತಿರ ಇರುತ್ತೆ ಅಂತ ನಾನು ಕೇಳ್ಲಿಲ್ಲಮ್ಮ. ಎಲ್ಲಾದಕ್ಕೂ ಕೇಳೋನು. ಅದೊಂದು ಕೇಳ್ಲಿಲ್ಲ. ಬೀದಿ ನಿಶ್ಶಬ್ದ ಆಯ್ತಲ್ಲ, ಅಷ್ಟೇ ಸಾಕಾಯ್ತು."

ನಾನು ಕೇಳಿದೆ: "ಮತ್ತೆ ಇಷ್ಟು ದಿನ ಅವರನ್ನ ಕೇಳ್ತಿದ್ರಲ್ಲ ಅಂಕಲ್, ಯಾರು ಯಾರು ಅಂತ?"

"ಕರೀತಾರೆ ಅಂತ ಕಾಯ್ತಿದ್ದೆ. ಕೇಳಿದ ಕೂಡಲೇ ಹಳೇದೆಲ್ಲ ತೆಗೆದು ನೋಡ್ತಾರೆ, ಮೊದಲು ನಮ್ಮ ಐವರನ್ನ ಕರೀತಾರೆ, ಆಮೇಲೆ ತಮ್ಮವರನ್ನ ಕರೀತಾರೆ ಅಂದ್ಕೊಂಡಿದ್ದೆ. ಹೀಗೇ ಅಲ್ವಾ ಮಾಡೋದು? ನಾನು ಪ್ರತಿ ಸಲ ಕೋಟು ಹಾಕ್ಕೊಂಡು ಹೋಗ್ತಿದ್ದೆ, ಇವತ್ತು ಕರೀಬಹುದು ಅಂತ. ಯಾರೂ ಕರೀಲಿಲ್ಲ."

ಆಂಟಿಯ ದನಿ ಏರಿತು. "ಕರೀದೆ ಇದ್ರೆ ಸುಮ್ನಿರಿ! ಇನ್ನೂ ನಾಲ್ಕು ಜನ ಕೈ ಎತ್ತಿದ್ರಲ್ಲ, ಅವರು ಬಾಯಿ ಬಿಟ್ರಾ? ಕೋರ್ಟಿಗೆ ಎಳೀತಾರೆ. ಈ ಮನೆ ಹೋಗುತ್ತೆ. ಈ ವಯಸ್ಸಲ್ಲಿ ನಾನು ಎಲ್ಲಿಗೆ ಹೋಗ್ಲಿ?"

"ಅವರ ಸ್ಟಾಂಪ್ ಅವರದು ಕಣೇ."

"ಸುಡ್ತು ನಿಮ್ಮ ಸ್ಟಾಂಪು."

ಅಷ್ಟರಲ್ಲಿ ಲಾಸ್ ಏಂಜಲೀಸಿನಿಂದ ಮಗಳ ಫೋನ್ ಬಂತು. ಸ್ಪೀಕರಿನಲ್ಲಿ ಅವಳು ಇಂಗ್ಲಿಷಿನಲ್ಲೇ ಬೇಡಿಕೊಂಡಳು: ಅಪ್ಪಾ, ವಕೀಲರನ್ನು ಕೇಳದೆ ಒಂದು ಮಾತೂ ಆಡಬೇಡ. ಅಂಕಲ್ ಕನ್ನಡದಲ್ಲೇ, "ಆಯ್ತು ಪುಟ್ಟಿ, ಊಟ ಮಾಡಿದ್ಯಾ?" ಎಂದರು. ಅವರು ಒಪ್ಪಲಿಲ್ಲ ಎಂದು ಅವಳಿಗೂ ತಿಳಿಯಿತು, ನಮಗೂ ತಿಳಿಯಿತು.

ಮಂಗಳವಾರ ಬೇಸಗೆಯ ಸಂಜೆ, ಇನ್ನೂ ಬಿಸಿಲಿತ್ತು. ಆಂಟಿ ಬರಲಿಲ್ಲ. ಅಂದಿನ ಸಭೆಗೆ ಲೋಲಾರ ಮಗನೂ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಅಂಕಲ್ ಮೈಕಿನ ಕತ್ತು ಬಗ್ಗಿಸಿಕೊಂಡು ಹೆಸರು ಹೇಳಿದರು, ವಿಳಾಸ ಹೇಳಿದರು. ಅವರು ಹೇಳಿದ್ದನ್ನು ಆದಷ್ಟು ಸರಿಯಾಗಿ ಇಲ್ಲಿ ಬರೆಯುತ್ತೇನೆ.

"ಆ ಗೇಟಿಗೆ ಬೀಗ ಹಾಕಿ ಎಂದು ಕೇಳಿದವರಲ್ಲಿ ನಾನೊಬ್ಬ. ಕೈ ಎತ್ತಿದ್ದೆ. ಬೆಂಕಿ ಬಂದರೆ ಯಾರು ತೆಗೆಯುತ್ತಾರೆ ಎಂದು ವಿಚಾರಿಸಲಿಲ್ಲ. ವಿಚಾರಿಸುವುದು ನನ್ನ ಕೆಲಸವಾಗಿತ್ತು. ಅದರಿಂದ ನಮ್ಮ ನೆರೆಯವರೊಬ್ಬರು ತೀರಿಕೊಂಡರು. ಇದು ನನ್ನ ಭಾಗ. ಒಪ್ಪಿಗೆ ಕೊಟ್ಟವರು, ಬೀಗ ತಂದವರು, ಕೀ ಇಟ್ಟುಕೊಂಡವರು ನಿಮ್ಮಲ್ಲಿದ್ದಾರೆ. ನಿಮ್ಮ ಭಾಗವನ್ನು ನೀವು ಹೇಳಿ ಎಂದು ಕೇಳುತ್ತೇನೆ."

ವಕೀಲರು ಬಾಗಿ ಮೇಯರ್ ಕಿವಿಯಲ್ಲಿ ಏನೋ ಹೇಳಿದರು. ಮೇಯರ್ ಮುಖದಲ್ಲಿ ನಾನು ಸಂಕಟ ನಿರೀಕ್ಷಿಸಿದ್ದೆ. ಕಂಡದ್ದು ಹಗುರಾದವನ ಮುಖ. ಆ ಹಗುರವನ್ನು ಇವತ್ತಿಗೂ ಮರೆಯಲಾಗಿಲ್ಲ.

"ನಿಮ್ಮ ಧೈರ್ಯಕ್ಕೆ ಈ ಊರು ಋಣಿ," ಎಂದ. "ಈಗ ಚಿತ್ರ ಸ್ಪಷ್ಟವಾಗಿದೆ. ಗೇಟನ್ನು ಮುಚ್ಚಿಸಿದ್ದು ನಿವಾಸಿಗಳೇ, ಒಳ್ಳೆಯ ಉದ್ದೇಶದಿಂದಲೇ. ಆಡಳಿತ ಜನರ ಇಚ್ಛೆಯನ್ನು ಗೌರವಿಸಿತು. ಪರಿಶೀಲನೆಯನ್ನು ಇಲ್ಲಿಗೆ ಮುಗಿಸಬಹುದು ಎಂದು ನನ್ನ ಸೂಚನೆ."

ಅಂಕಲ್ ಮೈಕು ಬಿಡಲಿಲ್ಲ. "ನಾನು ಕೇಳಿದ್ದು ನಿಮ್ಮ ಭಾಗ—" ಗಂಟೆ ಬಾರಿಸಿತು. ಕೆಂಪು ದೀಪ ಹತ್ತಿ ಮೈಕಿನ ದನಿ ನಿಂತಿತು. ಬಾಗಿಲ ಬಳಿಯಿದ್ದ ಸಮವಸ್ತ್ರದವನು ಎರಡು ಹೆಜ್ಜೆ ಮುಂದೆ ಬಂದ. ನಾನು ಎದ್ದು ನಿಂತೆ, ಯಾಕೆಂದು ತಿಳಿಯದೆ. ಅಂಕಲ್ ದನಿಯಿಲ್ಲದ ಮೈಕಿನ ಮುಂದೆ ಹಾಗೇ ನಿಂತು ಕೌನ್ಸಿಲಿನ ಒಬ್ಬೊಬ್ಬರ ಮುಖವನ್ನೂ ನೋಡಿದರು, ಎಡದಿಂದ ಬಲಕ್ಕೆ. ಒಬ್ಬರೂ ತಲೆ ಎತ್ತಲಿಲ್ಲ. ಸೂಚನೆಗೆ ಎಲ್ಲರೂ ಒಪ್ಪಿದರು. ಮುಂದಿನ ವಿಷಯ ಮರಗಳ ಕೊಂಬೆ ಕತ್ತರಿಸುವುದು.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಮಿತಿಯ ವಕೀಲರು ಅವರಿಗೆ ಗದರಿಸಿ ಬರೆದರು. ಬೀದಿಯಲ್ಲಿ ಕೆಲವರು ಮಾತು ಬಿಟ್ಟರು. ಜೊತೆಗೆ ಕೈ ಎತ್ತಿದ್ದ ಒಬ್ಬ ಅವರನ್ನು ಕಂಡರೆ ನಾಯಿಯನ್ನು ಎಳೆದುಕೊಂಡು ಆಚೆ ಪಕ್ಕಕ್ಕೆ ದಾಟುತ್ತಿದ್ದ. ವಿಷಯ ಕೋರ್ಟಿಗೆ ಹೋಗಲಿಲ್ಲ, ಮನೆಯೂ ಉಳಿಯಿತು, ಆದರೆ ಆಂಟಿಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ಅದನ್ನು ಮಾರಿ, ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚ್‌ನಲ್ಲಿದ್ದ ಮಗಳ ಹತ್ತಿರ ಹೋದರು.

ಹೊರಡುವ ಮುಂಚೆ ನಮ್ಮ ಗೆಳೆಯರೊಬ್ಬರು ಅವರೆದುರಿಗೇ ಅಂದರು: "ಬೇಜಾರು ಮಾಡ್ಕೋಬೇಡಿ ಅಂಕಲ್. ನಿಮ್ಮಿಂದಾನೇ ಮೇಯರ್ ಬಚಾವಾದ."

"ಗೊತ್ತಪ್ಪ," ಎಂದರು ಅಂಕಲ್. "ಮೊದಲು ಅವನ ಬಾಯಿಂದ ಹೊರಡಿಸಿ ಆಮೇಲೆ ನಾನು ಹೇಳ್ಬೇಕಿತ್ತೇನೋ. ಆದ್ರೆ ಅವನು ಹೇಳೋ ತನಕ ನಾನೂ ಹೇಳಲ್ಲ ಅಂತ ಕೂತ್ರೆ, ಅವನಿಗೂ ನನಗೂ ಏನು ವ್ಯತ್ಯಾಸ?" ಎಂದರು. ಅವರು ಮಾಡಿದ್ದು ಸರಿ ಎಂದು ಎದೆ ತಟ್ಟಿ ಹೇಳಲು ನನಗೆ ಈಗಲೂ ಆಗುವುದಿಲ್ಲ. ಮೇಯರ್‌ನ ಆ ಮುಖ ಅಡ್ಡ ಬರುತ್ತದೆ.

ಮೇಯರ್ ಮುಂದೆ ಇನ್ನೂ ದೊಡ್ಡ ಹುದ್ದೆಗೆ ನಿಂತ. ಆ ವರ್ಷ ನಮ್ಮವರೇ ಅವನನ್ನು ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬೆಟ್ಟದ ಬೆಂಕಿಯ ದಿನ ಊರನ್ನು ಮುನ್ನಡೆಸಿದ ನಾಯಕ ಎಂದು ನಿರೂಪಕಿ ಓದಿದಳು. ನಾನು ಮಧ್ಯದಲ್ಲಿ ಎದ್ದು ಹೊರಗೆ ಬಂದು ಅಂಕಲ್‌ಗೆ ಫೋನ್ ಮಾಡಿದೆ. ಅವರಿಗಾಗಲೇ ಉಸಿರಿನ ತೊಂದರೆ ಶುರುವಾಗಿತ್ತು.

"ಪೇಟ ಸರಿಯಾಗಿ ಕೂತಿತ್ತಾ?" ಎಂದು ಕೇಳಿದರು.

"ಸ್ವಲ್ಪ ದೊಡ್ಡದಾಗಿತ್ತು."

"ತಲೆ ಅಳತೆ ಯಾರು ನೋಡಿದ್ದು?" ಎಂದು ನಕ್ಕರು. ನಕ್ಕು ಕೆಮ್ಮಿದರು. ಆಂಟಿ ಫೋನ್ ಕಿತ್ತುಕೊಂಡು ನನ್ನನ್ನು ಬೈದರು, ಅವರನ್ನು ನಗಿಸಿದ್ದಕ್ಕೆ.

ಆ ಮಂಗಳವಾರದ ಬಗ್ಗೆ ಇನ್ನೊಂದು ವಿಷಯ ಹೇಳುವುದಿದೆ. ಇದನ್ನು ನಾನೂ ಅಂಕಲ್‌ರೂ ಆಮೇಲೆ ಎಂದೂ ಮಾತಾಡಲಿಲ್ಲ.

ಸಭೆ ಮುಗಿದು ಹೊರಗೆ ಬಂದಾಗ ಲೋಲಾರ ಮಗ ಪಾರ್ಕಿಂಗ್ ಜಾಗದಲ್ಲಿ ನಮ್ಮ ಕಾರಿನ ಪಕ್ಕ ನಿಂತಿದ್ದ. ಎತ್ತರದ ಆಳು, ಕೈಗಳು ಎರಡೂ ಮುಷ್ಟಿ. "ಅಂಕಲ್, ವಾಪಸ್ ಒಳಗೆ ಹೋಗೋಣ," ಎಂದೆ. ಅವರು ನಿಲ್ಲದೆ ನಡೆದು ಅವನ ಎದುರಿಗೆ ಹೋಗಿ ನಿಂತರು. ಅವನ ಭುಜಕ್ಕೂ ಬರುತ್ತಿರಲಿಲ್ಲ.

"ನನ್ನ ತಾಯಿ ನಿಮಗೆ ಗೊತ್ತಿತ್ತಾ?" ಎಂದ ಅವನು.

"ಗೊತ್ತಿತ್ತು. ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುತ್ತಿದ್ದರು."

"ಯಾಕೆ ಬೀಗ ಹಾಕಿಸಿದಿರಿ?"

"ಆಚೆ ಕಡೆಯ ಕಾರುಗಳು ನಮ್ಮ ಬೀದಿಯಲ್ಲಿ ಬರುತ್ತಿದ್ದವು. ಗದ್ದಲವಾಗುತ್ತಿತ್ತು."

"ಗದ್ದಲ?"

"ಹೌದು. ಗದ್ದಲ."

ಅವನ ಗಂಟಲಿನಿಂದ ಒಂದು ದನಿ ಬಂತು. ಕೈ ಎತ್ತಿದ, ಹೊಡೆದೇಬಿಡುತ್ತಾನೆ ಅನ್ನಿಸಿತು. ಆ ಕೈಯಿಂದ ತನ್ನ ಬಾಯನ್ನೇ ಒತ್ತಿ ಹಿಡಿದುಕೊಂಡ. ಕೌನ್ಸಿಲಿನವರ ಕಾರುಗಳು ಕಟ್ಟಡದ ಹಿಂದಿನಿಂದ ಒಂದೊಂದಾಗಿ ಹೊರಟುಹೋದವು. ನಾನು ಅಂಕಲ್‌ರ ತೋಳು ಹಿಡಿದು ಎಳೆದೆ. ಅವರು ಮೆಲ್ಲಗೆ ಬಿಡಿಸಿಕೊಂಡರು.

"ಇಷ್ಟು ದಿನ ಇವನು ಯಾರನ್ನ ಕೇಳ್ಬೇಕಿತ್ತಮ್ಮ?" ಎಂದರು ನನಗೆ, ಕನ್ನಡದಲ್ಲಿ. "ನೀನು ಕಾರಲ್ಲಿ ಕೂತಿರು."

ನಾನು ಕೂತೆ. ಗಾಜು ಇಳಿಸಿದ್ದರಿಂದ ಕೇಳುತ್ತಿತ್ತು. ನೀವು ಕೈ ಎತ್ತುವಾಗ ಯೋಚಿಸಿದಿರಾ? ಇಲ್ಲ. ಆ ದಿನ ಗೇಟಿನ ಹತ್ತಿರ ಬಂದಿರಲ್ಲ, ಆಗ ನಿಮಗೆ ನೆನಪಿತ್ತಾ? ಇತ್ತು. ಅವತ್ತೇ ಯಾಕೆ ಹೇಳಲಿಲ್ಲ? ಹೆದರಿದ್ದೆ. ಅವನು ಕೇಳಿದ್ದನ್ನೇ ಮತ್ತೆ ಕೇಳಿದ, ಇನ್ನೊಂದು ಬಗೆಯಲ್ಲಿ ಕೇಳಿದ, ಕೂಗಿ ಕೇಳಿದ, ಅತ್ತುಕೊಂಡು ಕೇಳಿದ. ಬಿಸಿಲು ಇಳಿಯಿತು, ಪಾರ್ಕಿಂಗ್ ಜಾಗ ಖಾಲಿಯಾಯಿತು. ಅವನ ಪ್ರಶ್ನೆಗಳು ಮುಗಿಯುವವರೆಗೆ ಅಂಕಲ್ ಅಲ್ಲಿಂದ ಕದಲಲಿಲ್ಲ.